ಅಂತೋಣಿ ಹಬ್ಬದ ದಿನ ಅಕ್ಕ ಅಂದ ಹೂಂ

ನಮ್ಮ ಮನೆಯಲ್ಲಿ ಸಂತರಿಗೆ ಬೇರೆ ಕೋಣೆ ಇರಲಿಲ್ಲ. ನಮಗೇ ಇರಲಿಲ್ಲ, ಅವರಿಗೆಲ್ಲಿಂದ ತರುವುದು? ಹುಬ್ಬಳ್ಳಿಯ ಕೇಶ್ವಾಪುರದ ಆ ಬಾಡಿಗೆ ಮನೆಯಲ್ಲಿ ಇದ್ದದ್ದು ಎರಡೂವರೆ ಕೋಣೆ: ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ನಡುವೆ ಕಿಟಕಿಯಿಲ್ಲದ ಒಂದು ಅರ್ಧ ಕೋಣೆ. ಆ ಅರ್ಧ ಕೋಣೆಯಲ್ಲಿ ಜೋಳದ ತಗಡಿನ ಡಬ್ಬಿ, ಹಾಸಿಗೆಯ ಸುರುಳಿಗಳು ಮತ್ತು ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ಒಬ್ಬರಿಗೊಬ್ಬರು ಒತ್ತಿಕೊಂಡು ಇರುತ್ತಿದ್ದರು. ಸಂತರು ಅಡುಗೆಮನೆಯ ಗೂಡಿನಲ್ಲಿ ಒಲೆಯ ಹೊಗೆ ಕುಡಿಯುತ್ತ ನಿಂತಿದ್ದರು. ಅಸ್ಸಿಸಿಯ ಸಂತ ಫ್ರಾನ್ಸಿಸ್‌ನ ಪಟ ಎಷ್ಟು ಕಪ್ಪಾಗಿತ್ತೆಂದರೆ, ಪಕ್ಕದ ಮನೆಯ ನೀಲಕ್ಕ ಬಹಳ ದಿನ ಅವನನ್ನು ನಮ್ಮ ಮುತ್ತಜ್ಜ ಎಂದೇ ತಿಳಿದಿದ್ದಳು. ಅವನ ಶಿಷ್ಯೆ ಸಂತ ಕ್ಲಾರಾಳ ಪಟದ ಮೂಲೆಗೆ ಒಗ್ಗರಣೆಯ ಎಣ್ಣೆ ಸಿಡಿದಿತ್ತು. ಇಬ್ಬರ ನಡುವೆ ಒಂದೂವರೆ ಗೇಣು ಎತ್ತರದ ಸಂತ ಅಂತೋಣಿಯ ಮೂರ್ತಿ. ಕಂದು ನಿಲುವಂಗಿ, ಸೊಂಟಕ್ಕೆ ಮೂರು ಗಂಟಿನ ಹಗ್ಗ, ಎಡಗೈಯ ಮೇಲೆ ಬಾಲಯೇಸು. ಆ ಕೂಸನ್ನು ಒಂದು ತಂತಿಯ ಮೊಳೆಗೆ ಸಿಕ್ಕಿಸಿದ್ದರು, ಎತ್ತಿದರೆ ಕೈಗೆ ಬರುತ್ತಿತ್ತು. ಹಾಗೆ ಬಾರದಂತೆ ಗಟ್ಟಿಯಾಗಿ ಅಂಟಿಸಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನಾನು ಈಗಲೂ ಅಂದುಕೊಳ್ಳುತ್ತೇನೆ.

ಆಯಿ ಶಿರಗುಪ್ಪಿಯ ಎರೆಹೊಲದಲ್ಲಿ ಬೆಳೆದವಳು. ಅಕ್ಷರ ಗೊತ್ತಿರಲಿಲ್ಲ, ಹಬ್ಬಗಳೆಲ್ಲ ಬಾಯಲ್ಲಿದ್ದವು. ಸಂಸಾರದಲ್ಲಿ ಇದ್ದುಕೊಂಡೇ ಫ್ರಾನ್ಸಿಸ್‌ನ ನೇಮ ನಡೆಸುವವರ ಮೂರನೆಯ ಸಭೆ ಅಂತ ಒಂದಿದೆ. ಆಕೆ ಆ ಸಭೆಗೆ ಸೇರಿದವಳು, ಗಂಟಿನ ಹಗ್ಗವನ್ನು ಸೀರೆಯ ಒಳಗೆ ಕಟ್ಟಿಕೊಳ್ಳುತ್ತಿದ್ದಳು. ಅವಳ ದೆಸೆಯಿಂದ ನಮ್ಮ ಮನೆಯ ವರ್ಷವೇ ಬೇರೆ ಇತ್ತು. ಫ್ರಾನ್ಸಿಸ್ ಬರಿ ನೆಲದ ಮೇಲೆ ಮಲಗಿ ಪ್ರಾಣ ಬಿಟ್ಟನೆಂದು ಅಕ್ಟೋಬರಿನಲ್ಲಿ ಅವನ ಹಬ್ಬದ ಹಿಂದಿನ ಸಂಜೆ ನಾವೆಲ್ಲ ಚಾಪೆಯಿಲ್ಲದೆ ಕೂತು ಉಣ್ಣಬೇಕು. ರೈಲ್ವೆ ವರ್ಕ್‌ಶಾಪಿನಿಂದ ದಣಿದು ಬಂದ ಅಪ್ಪನೂ ಗೊಣಗುತ್ತ ತಣ್ಣನೆಯ ನೆಲಕ್ಕೆ ಕೂರುತ್ತಿದ್ದ. ಕ್ರಿಸ್‌ಮಸ್ಸಿನ ಗೋದಲಿಯನ್ನು ಮೊದಲು ಮಾಡಿದವನೂ ಫ್ರಾನ್ಸಿಸ್‌ನೇ ಎಂದು ಆಯಿ ಗೋದಲಿಗೆ ಊರಿನಿಂದ ಎರೆಮಣ್ಣು ತರಿಸುತ್ತಿದ್ದಳು. ಅದರಲ್ಲಿ ಒಂಟೆ ಇರುತ್ತಿರಲಿಲ್ಲ, ಎರಡು ಎಮ್ಮೆ ಇರುತ್ತಿದ್ದವು. ಜೂನಿನಲ್ಲಿ, ಮೃಗಶಿರ ಮಳೆಯ ಹೊತ್ತಿಗೆ, ಅಂತೋಣಿಯ ಹಬ್ಬ. ಆ ದಿನ ಬೇರೆ ಊರುಗಳಲ್ಲಿ ಬಡವರಿಗೆ ಬ್ರೆಡ್ ಹಂಚುತ್ತಾರೆ. ಬ್ರೆಡ್ಡಿನಿಂದ ಯಾರ ಹೊಟ್ಟೆ ತುಂಬೀತು ಎಂದು ಆಯಿ ಅದನ್ನು ಜೋಳದ ರೊಟ್ಟಿಗೆ ಬದಲಾಯಿಸಿದ್ದಳು. ಅವ್ವ ಮತ್ತು ಅಕ್ಕ ನಸುಕಿನಲ್ಲೆದ್ದು ಬುಟ್ಟಿ ತುಂಬ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಚರ್ಚಿನ ಬಾಗಿಲಲ್ಲಿ ಕೂತು ಹಂಚುತ್ತಿದ್ದರು. ಅಕ್ಕ ಹುಟ್ಟಿದ್ದು ಸಂತ ಕ್ಲಾರಾಳ ಹಬ್ಬದ ದಿನ, ಹಾಗಾಗಿ ಅವಳು ಕ್ಲಾರಾ. ಎಂಟು ವರ್ಷದ ಮೇಲೆ ನಾನು ಹುಟ್ಟಿದಾಗ ಸಂತ ಕ್ಲಾರಾಳ ತಂಗಿಯ ಹೆಸರು ಆಗ್ನೇಸ್ ಎಂದು ನನಗೆ ಅದನ್ನಿಟ್ಟರು. ಕ್ಲಾರಾ ಮನೆ ಬಿಟ್ಟು ಸನ್ಯಾಸಕ್ಕೆ ಹೋದ ಹದಿನಾರನೆಯ ದಿನಕ್ಕೆ ಆ ತಂಗಿಯೂ ಅವಳ ಹಿಂದೆ ಓಡಿ ಹೋದಳಂತೆ. ನಾನು ಈ ಕಥೆ ಕೇಳಿದಾಗಲೆಲ್ಲ ಆಯಿಯ ಮುಖ ನೋಡದೆ ಬೇರೆಲ್ಲೋ ನೋಡುತ್ತಿದ್ದೆ.

ಅಂತೋಣಿ ಕಳೆದ ವಸ್ತು ಹುಡುಕಿಕೊಡುವ ಸಂತ. ಬೇರೆಯವರು ಅವನಿಗೆ ಮೇಣದಬತ್ತಿ ಹಚ್ಚಿ ಬೇಡಿಕೊಳ್ಳುತ್ತಾರೆ. ನಮ್ಮ ಆಯಿ ಹಾಗಲ್ಲ. ಏನಾದರೂ ಕಳೆಯಿತೆಂದರೆ ಅವನ ಕೈಯಿಂದ ಕೂಸನ್ನು ಕಿತ್ತುಕೊಂಡು ಎಲ್ಲಾದರೂ ಬಚ್ಚಿಡುತ್ತಿದ್ದಳು.

"ಅಂತೋಣಪ್ಪಾ, ನನ್ನ ಚಾವಿ ಕೊಡು, ನಿನ್ನ ಕೂಸು ತಗೋ. ಅಲ್ಲೀ ಮಟಾ ಕೂಸು ನನ್ನ ಹಂತ್ಯಾಕ ಇರ್ತೈತಿ."

ನೀಲಕ್ಕನ ಗಂಡ ಹತ್ತಿ ವ್ಯಾಪಾರದವರು. ದಿನಾ ಲಿಂಗಪೂಜೆ ಮಾಡಿ, ಇಬತ್ತಿ ಹಚ್ಚಿಕೊಂಡೇ ಆಕೆ ನಮ್ಮ ಹೊಸ್ತಿಲಿಗೆ ಬರುತ್ತಿದ್ದದ್ದು. ಆಕೆಗೆ ಇದನ್ನು ನೋಡಿ ನಗೆ ತಡೆಯುತ್ತಿರಲಿಲ್ಲ.

"ಅಲ್ರೀ ಆಯೀ, ದೇವರಿಗೇ ಧಮಕಿ ಹಾಕ್ತೀರಲ್ರಿ! ನಿಮ್ಮ ಧೈರ್ಯಕ್ಕ ಏನನ್ಬೇಕ್ರಿ?"

"ಧಮಕಿ ಅಲ್ಲವಾ ನೀಲವ್ವಾ. ಕೂಸು ಕಳಕೊಂಡಾವಗ ಕಳಕೊಂಡಾರ ಸಂಕಟ ತಿಳೀತೈತಿ."

ಹೀಗೆ ನಕ್ಕ ನೀಲಕ್ಕನೇ ತನ್ನ ಮೂಗುಬಟ್ಟು ಕಳೆದಾಗ ಸದ್ದಿಲ್ಲದೆ ಬಂದು, ನಿಮ್ಮ ಅಂತೋಣಪ್ಪನ ಕೂಸನ್ನು ನನ್ನ ಸಲುವಾಗಿಯೂ ಒಂದು ದಿನ ಇಟ್ಟುಕೊಳ್ಳಿ ಎಂದು ಕೇಳಿದ್ದಳು. ಮೂಗುಬಟ್ಟು ಬಚ್ಚಲಲ್ಲಿ ಸಿಕ್ಕಿತು. ಈ ಪದ್ಧತಿಗೆ ಒಂದು ಕಟ್ಟುನಿಟ್ಟಿನ ನೇಮ ಇತ್ತು. ಕೈ ಖಾಲಿ ಕಂಡರೆ, ಕೂಸನ್ನು ಯಾರು ತೆಗೆದರು, ಯಾಕೆ ತೆಗೆದರು ಎಂದು ಯಾರೂ ಕೇಳಬಾರದು. ತೆಗೆದವರೂ ಬಾಯಿ ಬಿಡಬಾರದು. ಬಿಟ್ಟರೆ ಹರಕೆ ಕೆಡುತ್ತದೆ. ಆಯಿಗೆ ಇನ್ನೊಂದು ನೇಮವೂ ಇತ್ತು, ಅದು ಸಂತರದ್ದಲ್ಲ, ಶಿರಗುಪ್ಪಿಯದು: ಉಣ್ಣುತ್ತ ಕೂತವರಿಗೆ 'ಇಲ್ಲ' ಅನ್ನಬಾರದು. ಸಾರು ಬೇಕೆಂದರೆ, ತಳದಲ್ಲಿ ಒಂದು ಸೌಟು ಇಲ್ಲದಿದ್ದರೂ ಹೂಂ ಅಂದು ಒಳಗೆ ಬಂದು ನೀರು ಬೆರೆಸಬೇಕು. ಅಕ್ಕ ಮತ್ತು ನಾನು ನಡೆಯಲು ಕಲಿತ ಹೊತ್ತಿಗೇ ಇದನ್ನೂ ಕಲಿತಿದ್ದೆವು.

ಅಕ್ಕ ಹೇಗಿದ್ದಳೆಂದು ಹೇಳಬೇಕು, ಯಾಕೆಂದರೆ ಈಗ ಅವಳನ್ನು ಕಂಡವರು ನಂಬಲಾರರು. ಅವಳ ನಗು ನೀಲಕ್ಕನ ಹಿತ್ತಲಿಗೆ ಕೇಳಿಸುತ್ತಿತ್ತು. ಸಂಜೆ ಆಯಿಗೆ ಸಂತರ ಚರಿತ್ರೆ ಓದಿ ಹೇಳುವ ಕೆಲಸ ಅವಳದು. ಫ್ರಾನ್ಸಿಸ್‌ನ ಅಪ್ಪ ಬಟ್ಟೆ ವ್ಯಾಪಾರಿ, ಮಗ ಹಕ್ಕಿಗಳಿಗೆ ಉಪದೇಶ ಮಾಡುವವನು, ಆ ಅಪ್ಪನ ಮಾತನ್ನೆಲ್ಲ ಅಕ್ಕ ನಮ್ಮ ದುರ್ಗದಬೈಲಿನ ಅಂಗಡಿ ಸಾವಕಾರರ ಧಾಟಿಯಲ್ಲಿ ಹೇಳುತ್ತಿದ್ದಳು. "ಲೇ ಫ್ರಾನ್ಸಿಸಾ, ಗಿರಾಕಿ ಬಂದಾರ, ಹಕ್ಕಿ ಜೋಡಿ ಆಮ್ಯಾಲೆ ಮಾತಾಡು!" ಅಪ್ಪ ತುತ್ತು ನೆತ್ತಿಗೆ ಹತ್ತಿ ಕೆಮ್ಮುತ್ತಿದ್ದ. ಪಿಯುಸಿ ಮುಗಿಸಿ, ಧಾರವಾಡದಲ್ಲಿ ಶಿಕ್ಷಕಿಯ ತರಬೇತಿಗೆ ಸೇರಬೇಕೆಂದು ಅರ್ಜಿ ತಂದು ಟ್ರಂಕಿನಲ್ಲಿ ಇಟ್ಟಿದ್ದಳು. ನನ್ನನ್ನೂ ಕರೆದುಕೊಂಡು ಹೋಗಿ ಕೆಲಗೇರಿ ಕೆರೆ ತೋರಿಸುವುದಾಗಿ ಮಾತು ಕೊಟ್ಟಿದ್ದಳು.

ಆ ವರ್ಷ ಅಂತೋಣಿ ಹಬ್ಬದ ಊಟಕ್ಕೆ ಚರ್ಚಿನ ಫಾದರ್ ನಮ್ಮ ಮನೆಗೆ ಬಂದರು. ಕರಾವಳಿಯವರು, ಫ್ರಾನ್ಸಿಸ್‌ನ ಸಭೆಯವರು, ಒಳ್ಳೆಯ ಮನುಷ್ಯ. ಜೊತೆಗೆ ಸಭೆಯ ಹಿರಿಯರು ಮೂವರು. ಪಡಸಾಲೆಯಲ್ಲಿ ಎಲೆ ಹಾಕಿ, ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ ಬಡಿಸಿದ್ದೆವು. ಅಕ್ಕ ತುಪ್ಪದ ತಂಬಿಗೆ ಹಿಡಿದು ಸಾಲಿನ ಮುಂದೆ ಬಗ್ಗಿ ಬಗ್ಗಿ ಬಡಿಸುತ್ತ ಹೋಗುತ್ತಿದ್ದಳು. ಫಾದರ್ ತಲೆಯೆತ್ತಿ ಅವಳನ್ನು ನೋಡಿದರು.

"ಕ್ಲಾರಾ, ನೀನು ಸಂತ ಕ್ಲಾರಾಳ ಹಬ್ಬದಲ್ಲೇ ಹುಟ್ಟಿದವಳಂತಲ್ಲ ಮಗಾ? ಅವಳ ಕನ್ಯಾಮಠಕ್ಕೆ ಹೋಗುವ ಮನಸ್ಸುಂಟಾ?"

ಅವರ ಕೈ ಎಲೆಯಲ್ಲಿತ್ತು. ಅಕ್ಕ ಹೋಳಿಗೆಯ ಮೇಲೆ ತುಪ್ಪ ಬಿಟ್ಟು, "ಹೂಂ ಫಾದರ್" ಅಂದು ಮುಂದಿನ ಎಲೆಗೆ ಹೋದಳು.

ಅಷ್ಟೇ ಆದದ್ದು. ಆದರೆ ಆಯಿ ಬಾಗಿಲ ಬಳಿ ಕೂತಿದ್ದವಳು ಅಲ್ಲೇ ಎರಡೂ ಕೈ ಮುಗಿದು ಅಳತೊಡಗಿದಳು. ಹಿರಿಯರು ಉಣ್ಣುವುದನ್ನು ನಿಲ್ಲಿಸಿದರು. ಫಾದರ್ ಎಡಗೈ ಎತ್ತಿ ಅಕ್ಕನ ತಲೆಯ ಮೇಲಿಟ್ಟರು. ಅವ್ವ ಕೈಗೆ ಹಿಟ್ಟು ಮೆತ್ತಿಕೊಂಡೇ ಒಳಗಿನಿಂದ ಓಡಿ ಬಂದಳು, ವಿಷಯ ಕೇಳಿದಳು. ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಆಮೇಲೆ ಮುಖದ ತುಂಬ ನಕ್ಕಳು. "ನಮ್ಮ ಪುಣ್ಯಾರೀ ಫಾದರ್, ನಮ್ಮ ಪುಣ್ಯಾ" ಅಂದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮರುದಿನದ ಹೊತ್ತಿಗೆ ಕೇಶ್ವಾಪುರಕ್ಕೆಲ್ಲ ಗೊತ್ತಾಗಿತ್ತು. ಆ ಮಠ ರೈಲಿನಲ್ಲಿ ಒಂದು ಹಗಲಿನ ದಾರಿ. ಒಳಗೆ ಹೋಗಿ ಕಡೆಯ ವಚನ ಕೊಟ್ಟವರು ಮತ್ತೆ ಹೊರಗೆ ಬರುವುದಿಲ್ಲ, ಮನೆಯವರು ವರ್ಷಕ್ಕೊಮ್ಮೆ ಹೋಗಿ ಕಟ್ಟಿಗೆಯ ಜಾಲರಿಯಾಚೆ ನೋಡಿ ಬರಬಹುದು. ಕ್ಲಾರಾಳ ಹಬ್ಬಕ್ಕೆ ಅಕ್ಕನನ್ನು ಕರೆದುಕೊಳ್ಳುವುದೆಂದು ತೀರ್ಮಾನವಾಯಿತು. ಎರಡು ತಿಂಗಳೂ ಉಳಿದಿರಲಿಲ್ಲ. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಅಕ್ಕನನ್ನು ಹಿಡಿದು ಕೇಳಿದೆ.

"ಅಕ್ಕಾ, ನೀ ಖರೇನ ಹೋಗ್ತೀಯೇನ?"

"ಹೂಂ ಅಂದೇನಲ್ಲ, ಮುಗೀತು."

"ಬ್ಯಾಡ ಅನ್ನು. ನಾ ಅಪ್ಪಗ ಹೇಳ್ತೀನಿ."

"ಹುಚ್ಚಿ, ಸುಮ್ಮನಿರು. ನೀನೂ ಬರಾಕಿ ಅದೀ, ಹದಿನಾರನೇ ದಿನಕ್ಕ."

ಅಂದು ಒದ್ದೆ ಕೈಯಿಂದ ನನ್ನ ಜಡೆ ಎಳೆದಳು. ಅವಳು ನಗುತ್ತಿದ್ದಳೋ ಇಲ್ಲವೋ ನನಗೆ ತಿಳಿಯಲಿಲ್ಲ. ಅಪ್ಪನಿಗೆ ಹೇಳಿದೆ. ಅವನು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದವನು, "ದೇವರ ಮಾತಿನ್ಯಾಗ ನಾವೇನ್ ಮಾತಾಡೂದವಾ" ಅಂದು ಮತ್ತೆ ಚೈನು ತಿರುಗಿಸತೊಡಗಿದ. ಮನೆಯಲ್ಲಿ ದೊಡ್ಡವರು ಮೂವರಿದ್ದರು, ಒಬ್ಬರೂ ನನ್ನ ಪಾಲಿಗೆ ಇರಲಿಲ್ಲ. ಉಳಿದವನು ಅಂತೋಣಿ ಒಬ್ಬನೇ.

ಒಂದು ಮಧ್ಯಾಹ್ನ, ಆಯಿ ಮಲಗಿದ್ದಾಗ, ಬೀಸುವ ಕಲ್ಲಿನ ಮೇಲೆ ಹತ್ತಿ ಗೂಡಿಗೆ ಕೈ ಹಾಕಿದೆ. ಕೂಸನ್ನು ಕಿತ್ತುಕೊಂಡು ಏನೆಂದು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದೆ. ಅಂತೋಣಿಯ ಕೈ ಆಗಲೇ ಖಾಲಿಯಾಗಿತ್ತು. ಬರೀ ತಂತಿಯ ಮೊಳೆ ಬೆರಳಿಗೆ ಚುಚ್ಚಿತು. ಆಯಿಯ ಚಾವಿ ಅವಳ ಸೊಂಟದಲ್ಲೇ ಇತ್ತು. ಅಪ್ಪ ಕಳೆದುಕೊಳ್ಳುವಂಥದ್ದು ಏನೂ ಇಟ್ಟುಕೊಂಡವನಲ್ಲ. ಕೇಳುವಂತಿರಲಿಲ್ಲ. ಎರಡು ದಿನ ಹಾಗೇ ಒದ್ದಾಡಿದೆ. ಮೂರನೆಯ ದಿನ ಸಾಲೆಯಿಂದ ಬೇಗ ಬಂದವಳು ಪಾಟಿಚೀಲ ಇಡಲು ಅರ್ಧ ಕೋಣೆಗೆ ಹೋದರೆ, ಅವ್ವ ಜೋಳದ ಡಬ್ಬಿಯ ಮುಂದೆ ಕೂತಿದ್ದಳು. ಮುಚ್ಚಳ ತೆಗೆದಿತ್ತು. ಮೊಣಕೈವರೆಗೆ ಕೈಯನ್ನು ಜೋಳದಲ್ಲಿ ಹುಗಿದು, ಒಳಗೆ ಏನನ್ನೋ ಬಿಗಿಯಾಗಿ ಹಿಡಿದುಕೊಂಡು, ತುಟಿ ಅಲ್ಲಾಡಿಸುತ್ತಿದ್ದಳು. ಕಣ್ಣೀರು ಗಲ್ಲದಿಂದ ಇಳಿದು ಜೋಳದ ಮೇಲೆ ಬೀಳುತ್ತಿತ್ತು. ನನ್ನನ್ನು ಕಂಡು ಕೈ ಹೊರಗೆ ತೆಗೆದಳು. ಕೈಯಲ್ಲಿ ಏನೂ ಇರಲಿಲ್ಲ, ಕೂಸು ಒಳಗೇ ಉಳಿದಿತ್ತು.

"ಆಗ್ನೀ, ನೀ ಏನೂ ನೋಡಿಲ್ಲ."

"ಅವ್ವಾ, ನೀನ ಅಕ್ಕಗ ಬ್ಯಾಡ ಅನ್ನಲ್ಲ. ನೀ ಅಂದ್ರ ಆಕಿ ಹೋಗೂದಿಲ್ಲ."

"ಹೆಂಗ ಅನ್ಲಿ? ಆಕಿ ಮನಸ್ಸ ಮಾಡ್ಯಾಳ. ದೇವರ ಕಡೆ ಹೊಂಟಾಕಿಗೆ ನಾ ತಾಯಿ ಆಗಿ ಅಡ್ಡಗಾಲ ಹಾಕ್ಲೇನು? ಅಂತೋಣಪ್ಪಗ ಹೇಳೇನಿ, ಅವ ನೋಡ್ಕೋತಾನ. ನೀ ಯಾರ ಮುಂದೂ ಬಾಯಿ ಬಿಡಬ್ಯಾಡ. ಅಕ್ಕನ ಮುಂದ ಅಂತೂ ಬಿಡಲೇಬ್ಯಾಡ. ಹರಕಿ ಕೆಡತೈತಿ."

ನಾನು ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಸಂತೋಷವೇ ಆಯಿತು. ನಾನು ಮಾಡಬೇಕೆಂದಿದ್ದನ್ನು ಅವ್ವ ಮಾಡಿದ್ದಳು. ನಾನು ಚಿಕ್ಕವಳು, ನನ್ನ ಮಾತನ್ನು ಅಂತೋಣಿ ಕೇಳಿಯಾನೋ ಇಲ್ಲವೋ, ಅವ್ವನ ಮಾತು ಕೇಳದೆ ಎಲ್ಲಿಗೆ ಹೋದಾನು! ಚಾವಿ ಸಿಕ್ಕಿತ್ತು, ನೀಲಕ್ಕನ ಮೂಗುಬಟ್ಟು ಸಿಕ್ಕಿತ್ತು, ಒಮ್ಮೆ ಅಪ್ಪನ ಪಗಾರದ ಚೀಟಿಯೂ ಸಿಕ್ಕಿತ್ತು. ಹಾಗಾಗಿ ಆಮೇಲಿನ ದಿನಗಳಲ್ಲಿ ನಾನು ಆಡಿಕೊಂಡು ಇದ್ದೆ. ಅಕ್ಕನ ಬಿಳಿ ಸೀರೆಗಳಿಗೆ ಅವ್ವ ಅಂಚು ಹೊಲಿಯುವುದನ್ನು ನೋಡಿ ಇವೆಲ್ಲ ಉಟ್ಟುಕೊಳ್ಳದೆ ದಂಡವಾಗುತ್ತವೆ ಎಂದು ಒಳಗೊಳಗೇ ನಕ್ಕೆ.

ಹೋಗುವ ದಿನ ಅವ್ವ ಅಕ್ಕನನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು ತಲೆ ಬಾಚಿದಳು. ಅಲ್ಲಿ ಕೂದಲು ಕತ್ತರಿಸುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಸಂತ ಕ್ಲಾರಾಳ ಕೂದಲನ್ನು ಫ್ರಾನ್ಸಿಸ್‌ನೇ ಕತ್ತರಿಸಿದನೆಂದು ಅಕ್ಕನೇ ನಮಗೆ ಓದಿ ಹೇಳಿದ್ದಳು. ಅವ್ವ ಜಡೆ ಹಾಕಿದಳು, ಸರಿಯಾಗಲಿಲ್ಲ ಎಂದು ಬಿಚ್ಚಿದಳು. ಮತ್ತೆ ಹಾಕಿದಳು, ಮತ್ತೆ ಬಿಚ್ಚಿದಳು. ಅಪ್ಪ ಬಾಗಿಲಲ್ಲಿ ಟ್ರಂಕು ಹಿಡಿದು ನಿಂತಿದ್ದ.

"ಅವ್ವಾ, ಗಾಡಿ ತಪ್ಪತೈತಿ ನೋಡು" ಅಂದಳು ಅಕ್ಕ.

"ತಪ್ಪಿದ್ರ ತಪ್ಪಲೇಳು."

ಅಕ್ಕ ಚಟ್ಟನೆ ಹಿಂದೆ ತಿರುಗಿದಳು. ಒಂದು ಗಳಿಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಗ ಆಯಿ ಒಳಗಿನಿಂದ ಬಂದಳು. ಅವ್ವ ನಕ್ಕು, "ಚಾಷ್ಟಿಗಂದೆ, ತಿರಗು ಆ ಕಡೆ" ಎಂದು ಮೂರನೆಯ ಸಲ ಜಡೆ ಹಾಕಿ ರಿಬ್ಬನ್ ಕಟ್ಟಿದಳು. ನಾನು ಅಂತೋಣಿಗಾಗಿ ಕಾಯುತ್ತಿದ್ದೆ. ಟಾಂಗಾದಲ್ಲಿ ಕಾದೆ, ಸ್ಟೇಷನ್ನಿನಲ್ಲಿ ಕಾದೆ. ಗಾಡಿ ಬಂತು, ಅಪ್ಪ ಮತ್ತು ಅಕ್ಕ ಹತ್ತಿದರು, ಗಾಡಿ ಹೋಯಿತು. ಅವ್ವ ಪ್ಲಾಟ್‌ಫಾರ್ಮಿನ ತುದಿಯವರೆಗೂ ನಗುತ್ತ ಕೈ ಬೀಸಿದಳು. ಆಮೇಲೆ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟಳು. ನೀಲಕ್ಕ ಮತ್ತು ನಾನು ಸೇರಿ ಎಬ್ಬಿಸಬೇಕಾಯಿತು. ಹದಿನಾರನೆಯ ದಿನ ನಾನು ಎಲ್ಲಿಗೂ ಓಡಿ ಹೋಗಲಿಲ್ಲ. ಆಯಿ ಅದನ್ನು ಆಡಿ ತೋರಿಸಲಿಲ್ಲ, ಆದರೆ ಆ ದಿನವಿಡೀ ನನ್ನನ್ನು ನೋಡುತ್ತಿದ್ದಳು.

ಅವ್ವನಿಗೆ ಬರೆಯಲು ಬರುತ್ತಿರಲಿಲ್ಲ. ತಿಂಗಳಿಗೊಂದು ಇನ್‌ಲ್ಯಾಂಡ್ ಕಾಗದ, ಅವ್ವ ಹೇಳುವುದು, ನಾನು ಬರೆಯುವುದು. ಮಠದಲ್ಲಿ ಬಂದ ಕಾಗದವನ್ನೆಲ್ಲ ಮೊದಲು ಹಿರಿಯ ಮದರ್ ಓದುತ್ತಾರೆಂದು ಫಾದರ್ ತಿಳಿಸಿದ್ದರಿಂದ ಅವ್ವ ಮಾತನ್ನು ತೂಗಿ ತೂಗಿ ಹೇಳುತ್ತಿದ್ದಳು. ಒಂದು ಸಲ, ಅಕ್ಕ ಹೋಗಿ ವರ್ಷವಾಗಿರಬೇಕು, ರೊಟ್ಟಿ ಬಡಿಯುತ್ತಲೇ ಹೇಳಿದಳು: "ಬರಿ ಆಗ್ನಿ, ನಿನಗ ಅಲ್ಲಿ ಆರಾಮ ಅನಸಲಿಲ್ಲಂದ್ರ ಬಂದ್ ಬಿಡು, ಯಾರೇನಂದ್ರೂ ನಾ ನೋಡ್ಕೋತೀನಿ." ನಾನು ಬರೆದೆ. ಅವ್ವ ರೊಟ್ಟಿ ತಿರುವಿ ಹಾಕಿ, ಅದು ಉಬ್ಬುವುದನ್ನೇ ನೋಡಿದಳು. "ಬ್ಯಾಡ. ಮದರ್ ಓದಿದ್ರ ಆಕಿಗೆ ಕಷ್ಟ. ಬ್ಯಾರೆ ಕಾಗದದಾಗ ಬರಿ." ನಾನು ಇನ್ನೊಂದು ಕಾಗದ ತಂದು, ಸಾಲೆಯಲ್ಲಿ ಬಹುಮಾನ ಪಡೆದ ನನ್ನ ದುಂಡು ಅಕ್ಷರದಲ್ಲಿ, ಅವ್ವ ಹೇಳಿದಂತೆ, 'ನೀನು ಹೋದದ್ದು ನಮ್ಮ ಮನೆತನದ ಪುಣ್ಯ, ನಾವೆಲ್ಲ ಬಹಳ ಸಂತೋಷದಿಂದ ಇದ್ದೇವೆ' ಎಂದು ಬರೆದೆ. ಮೊದಲಿನದನ್ನು ಒಲೆಗೆ ಹಾಕಿದೆ. ಆಮೇಲಿನ ಕಾಗದಗಳಲ್ಲಿ ಅವ್ವ ಹೇಳದಿದ್ದರೂ ಆ ಸಾಲನ್ನು ನಾನೇ ಬರೆದು ಮುಗಿಸುತ್ತಿದ್ದೆ, ಅಭ್ಯಾಸವಾಗಿತ್ತು. ವರ್ಷಕ್ಕೊಮ್ಮೆ ನೋಡಲು ಹೋದಾಗ ಜಾಲರಿಯ ಮುಂದೆ ಆಯಿಯೂ ಅಪ್ಪನೂ ಇರುತ್ತಿದ್ದರು, ಅವ್ವ ಅಲ್ಲೂ ನಕ್ಕೇ ಬರುತ್ತಿದ್ದಳು. ಕೂಸು ಜೋಳದ ಡಬ್ಬಿಯಲ್ಲೇ ಉಳಿಯಿತು. ಆಯಿ ಸಾಯುವವರೆಗೂ ಅಂತೋಣಿಯ ಖಾಲಿ ಕೈ ನೋಡಿದಳು, ತನ್ನ ನೇಮಕ್ಕೆ ತಾನೇ ಸಿಕ್ಕಿಬಿದ್ದು ಒಂದು ಮಾತೂ ಕೇಳಲಿಲ್ಲ.

ಅವ್ವ ಸತ್ತೂರಿನ ಆಸ್ಪತ್ರೆಯಲ್ಲಿ ತೀರಿಕೊಂಡು ಈಗ ನಾಲ್ಕನೆಯ ವರ್ಷ. ಮಣ್ಣಿಗೆ ಅಕ್ಕ ಬರಲಿಲ್ಲ, ಮಠದ ನೇಮ ಹಾಗೆ. ಚರ್ಚಿನಲ್ಲಿ ಅವ್ವನ ತಿಂಗಳ ಪೂಜೆ ಮುಗಿಸಿಕೊಂಡು ನಾನೊಬ್ಬಳೇ ಮಠಕ್ಕೆ ಹೋದೆ. ಜಾಲರಿಯಾಚೆ ಪರದೆ ಸರಿಸಿ ಅಕ್ಕ ಕೂತಳು. ಕಂದು ನಿಲುವಂಗಿ, ಕರಿ ಮುಸುಕು, ಕನ್ನಡಕ. ಅರವತ್ತರ ಹತ್ತಿರದ ಮುಖ. ಅವ್ವನ ಕೊನೆಯ ದಿನಗಳನ್ನೆಲ್ಲ ಕೇಳಿದಳು, ಏನು ಉಂಡಳು, ನೋವಿತ್ತೇ, ಯಾರು ಹತ್ತಿರ ಇದ್ದರು. ಆಮೇಲೆ ಜಾಲರಿಯ ಸಂದಿಯಲ್ಲಿ ಎರಡು ಬೆರಳು ತೂರಿಸಿ ನನ್ನ ಕೈ ಮುಟ್ಟಿದಳು.

"ಆಗ್ನೀ, ಒಂದ ಕೇಳ್ತೀನಿ, ಸುಳ್ಳ ಹೇಳಬ್ಯಾಡ. ನಾ ಇಲ್ಲಿಗೆ ಬಂದಿದ್ದು ಅವ್ವಗ ಖರೇನ ಸಂತೋಷ ಇತ್ತೇನು?"

ಜೋಳದ ಡಬ್ಬಿಯ ಮುಂದೆ ಕೂತ ಅವ್ವ ಕಣ್ಣಿಗೆ ಕಟ್ಟಿದಳು. ಆದರೆ ಇವಳ ಮುಕ್ಕಾಲು ಆಯುಷ್ಯ ಇಲ್ಲೇ ಕಳೆದಿದೆ, ತಾಯಿ ಮಣ್ಣಲ್ಲಿದ್ದಾಳೆ, ಈಗ ಹೇಳಿ ಯಾರಿಗೆ ಏನು ಸಿಕ್ಕೀತು ಎಂದುಕೊಂಡೆ. ಇರುವಷ್ಟು ದಿನ ನೆಮ್ಮದಿಯಿಂದ ಇರಲಿ.

"ಇತ್ತಕ್ಕಾ. ಕಡೀ ತನಕಾ ಅದನ್ನ ಹೇಳಾಕತ್ತಿದ್ಲು."

ಅಕ್ಕ ದೀರ್ಘವಾಗಿ ಉಸಿರು ಬಿಟ್ಟಳು.

"ಹಂಗಾದ್ರ ಆತು ಬಿಡು. ಅದೊಂದ ಬೇಕಾಗಿತ್ತು ನನಗ. ನಿನಗ ಹೇಳ್ತೀನಿ, ನನಗ ಬರೂ ಮನಸ್ಸ ಇದ್ದಿದ್ದಿಲ್ಲ. ಉಣ್ಣಾಕತ್ತವರು ಕೇಳಿದ್ರು, ಹೂಂ ಅಂದೆ. ಸಂಜಿಕ ಅವ್ವನ ಮುಂದ ಅತ್ತು ಹೇಳೂಣ ಅಂತ ಒಳಗ ಹ್ವಾದೆ. ಆಕಿ ಮುಖಾ ನೋಡಿದೆ, ಅಷ್ಟು ಖುಷಿ ಆಗಿದ್ಲು, ಬಾಯೇ ಬರಲಿಲ್ಲ. ಕಡೇ ವಚನ ಕೊಡೂತನಕಾ ಆರು ವರ್ಷ ಬಾಗಲಾ ತೆರದ ಇತ್ತು ಇಲ್ಲಿ. ಹೊಂ‍ಟು ಬಿಡೂಣ ಅಂದಾಗೆಲ್ಲಾ ನಿನ್ನ ಅಕ್ಷರದಾಗ ಅವ್ವನ ಕಾಗದ ಬರ್ತಿತ್ತು. ಆಕಿ ಸಂತೋಷಾ ಕೆಡಸಬಾರದು ಅಂತ ಕುಂತೆ. ಯಾಕ, ಯಾಕ ಅಳ್ತೀ? ನಾ ಈಗ ಆರಾಮ ಅದೀನಿ. ಅವ್ವಗ ಸಂತೋಷ ಇತ್ತಲ್ಲ, ಸಾಕು."

ನನ್ನ ಬಾಯಿ ತೆರೆಯಿತು. ಎಲ್ಲವೂ ನಾಲಗೆಯ ತುದಿಗೆ ಬಂದಿತ್ತು, ಆದರೆ ಒಂದು ನಿಮಿಷದ ಹಿಂದೆ ನಾನೇ ಇತ್ತು ಎಂದಿದ್ದೆ. ಒಳಗೆ ಪ್ರಾರ್ಥನೆಯ ಗಂಟೆ ಹೊಡೆಯಿತು. ಅಕ್ಕ ಎದ್ದು ಪರದೆ ಎಳೆದಳು. ಮುಂದಿನ ಹಬ್ಬಕ್ಕೆ ಬಂದಾಗ ಹೇಳುತ್ತೇನೆ ಎಂದುಕೊಂಡು ಗಾಡಿ ಹತ್ತಿದೆ. ಆಮೇಲೆ ಕ್ಲಾರಾಳ ಹಬ್ಬಕ್ಕೆ ಮೂರು ಸಲ ಹೋಗಿ ಬಂದಿದ್ದೇನೆ. ಅಕ್ಕನಿಗೆ ವಯಸ್ಸಾಗುತ್ತಿದೆ, ಕೇಳಿದ್ದನ್ನೇ ಕೇಳುತ್ತಾಳೆ. ಮೂರು ಸಲವೂ ಅವ್ವನಿಗೆ ಸಂತೋಷ ಇತ್ತೇ ಎಂದು ಕೇಳಿದಳು. ಮೂರು ಸಲವೂ ಇತ್ತು ಅಂದೆ.